ತೋಪಿಗೆ ಬತ್ತಿ ಇಡೋ ಮೊದಲು ವರ್ನಿಯರ್ ಇಡಿ

ಕಳೆದ ದಸರಾ ರಜೆಗೆ ಅಜ್ಜಂಪುರದ ಹತ್ತಿರ ಇರುವ ಅಜ್ಜನ ಮನೆಗೆ ಹೋಗಿದ್ದೆ. ಆಯುಧಪೂಜೆಗೆ ಎರಡು ದಿನ ಮುಂಚೆ ಮನೆಯಲ್ಲಿರೋ ಕಬ್ಬಿಣವೆಲ್ಲ ಹೊರಗೆ ಬರುತ್ತೆ. ನೇಗಿಲ ಗುಳ, ಕೊಡಲಿ, ಮಚ್ಚು, ಹಳೇ ಪಂಪ್‌ಸೆಟ್ಟಿನ ಸ್ಪ್ಯಾನರ್‌ಗಳು, ಎಲ್ಲವನ್ನೂ ತೊಳೆದು ಸಾಲಾಗಿ ಇಡಬೇಕು. ಕೊಟ್ಟಿಗೆಯ ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಕಬ್ಬಿಣದ ಕೊಳವೆ ಸಿಕ್ಕಿತು. ಉದ್ದ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಒಂದು ಕಡೆ ಬಾಯಿ, ಇನ್ನೊಂದು ಕಡೆ ಮುಚ್ಚಿದೆ, ಮುಚ್ಚಿದ ತುದಿಯ ಹತ್ತಿರ ಮೇಲುಗಡೆ ಪೆನ್ಸಿಲ್ ಹೋಗುವಷ್ಟು ಒಂದು ತೂತು. ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ ಹದಿನೈದು ಕೆಜಿ ಚಿಲ್ಲರೆ ಬಂತು.

"ತೋಪು ಕಣೋ ಇದು" ಅಂದ ದೊಡ್ಡಮ್ಮನ ಮಗ. ನನಗಿಂತ ಐದು ವರ್ಷ ದೊಡ್ಡವನು, ನಾನು ಅಣ್ಣ ಅಂತಲೇ ಕರೆಯೋದು. ಅಜ್ಜನನ್ನು ಕೇಳಿದರೆ, ಅವರ ಚಿಕ್ಕಂದಿನಲ್ಲೂ ಅದು ಅಟ್ಟದ ಮೇಲೇ ಇತ್ತಂತೆ, ಹಬ್ಬಕ್ಕೆ ಯಾರೋ ಹಾರಿಸ್ತಿದ್ರು ಅಂತ ಅವರಜ್ಜ ಹೇಳಿದ್ದರಂತೆ. ಅಷ್ಟೇ ಚರಿತ್ರೆ. ಅಣ್ಣನಿಗೆ ಅಷ್ಟು ಸಾಕಾಯ್ತು. ವಿಜಯದಶಮಿ ದಿನ ಟೀವಿಯಲ್ಲಿ ಮೈಸೂರಿನ ಕುಶಾಲತೋಪು ಹಾರುವ ಹೊತ್ತಿಗೆ ನಮ್ಮ ಅಂಗಳದಲ್ಲೂ ಒಂದು ಹಾರಬೇಕು ಅಂತ ಅವನ ಪ್ಲಾನ್. ಮದ್ದಿಗೆ ಹೋದ ದೀಪಾವಳಿಯಲ್ಲಿ ಉಳಿದ ಪಟಾಕಿ ಬಿಚ್ಚೋದು. "ನೀನು ಮೆಕ್ಯಾನಿಕಲ್ ತಾನೆ, ಎಷ್ಟು ಹಾಕಬೇಕು ಲೆಕ್ಕ ಹಾಕಿ ಹೇಳು" ಅಂತ ನನ್ನ ತಲೆಗೆ ಕಟ್ಟಿದ.

ಈ ಲೇಖನ ಆ ಲೆಕ್ಕದ ಕಥೆ. ಥರ್ಡ್ ಸೆಮ್‌ನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದುವಾಗ "ಇದೆಲ್ಲ ಎಲ್ಲಿ ಉಪಯೋಗಕ್ಕೆ ಬರುತ್ತೆ" ಅಂತ ಬೈದುಕೊಂಡವರಲ್ಲಿ ನಾನೂ ಒಬ್ಬ.

ಮೊದಲು ಮೈಸೂರಿನ ವಿಷಯ. ಜಂಬೂಸವಾರಿ ದಿನ ಚಿನ್ನದ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ ರಾಷ್ಟ್ರಗೀತೆ ನುಡಿಸುತ್ತಾರೆ, ಆಗ 21 ಸಲ ಕುಶಾಲತೋಪು ಹಾರುತ್ತೆ. ಹಾರಿಸುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ತೋಪುಗಳು ಏಳು, ಪ್ರತಿಯೊಂದೂ ಮೂರು ಸಲ. ರಾಷ್ಟ್ರಗೀತೆಯ ಅವಧಿ 52 ಸೆಕೆಂಡ್. 52ನ್ನು 21ರಿಂದ ಭಾಗಿಸಿ ನೋಡಿ, ಸರಾಸರಿ ಎರಡೂವರೆ ಸೆಕೆಂಡಿಗೆ ಒಂದು ಶಬ್ದ. ಒಂದೊಂದು ತೋಪಿನ ತಂಡಕ್ಕೆ ಒಂದು ಸಲ ಹಾರಿಸಿ ಮತ್ತೆ ಹಾರಿಸುವುದಕ್ಕೆ ಸಿಗೋದು ಹದಿನೇಳು ಸೆಕೆಂಡ್ ಆಸುಪಾಸು. ಅಷ್ಟರೊಳಗೆ ಒದ್ದೆ ಮಾಡಿದ ಕೋಲು ಬಾಯಿಯಿಂದ ಒಳಗೆ ಹಾಕಿ ಒರೆಸಬೇಕು, ಮದ್ದಿನ ಚೀಲ ತುಂಬಬೇಕು, ತಳಕ್ಕೆ ದೂಡಬೇಕು, ಪಕ್ಕಕ್ಕೆ ಸರಿದು ಕಿಡಿ ತಾಗಿಸಬೇಕು. ಇದಕ್ಕಾಗಿ ವಾರಗಟ್ಟಲೆ ಮದ್ದೇ ಇಲ್ಲದೆ ಒಣ ತಾಲೀಮು ಮಾಡುತ್ತಾರೆ, ಆಮೇಲೆ ಆನೆ ಕುದುರೆಗಳನ್ನು ಎದುರು ನಿಲ್ಲಿಸಿಕೊಂಡು ನಿಜವಾಗಿ ಹಾರಿಸುವ ತಾಲೀಮು. ಗುಂಡು ಇಲ್ಲ, ಬರೀ ಮದ್ದು. ಆದರೂ ಇಷ್ಟು ತಯಾರಿ.

ಒದ್ದೆ ಯಾಕೆ ಅಂತ ಗೊತ್ತಾಗಬೇಕಾದರೆ ಮದ್ದಿನ ಕೆಮಿಸ್ಟ್ರಿ ನೋಡಬೇಕು. ಕರಿಮದ್ದು ಅಂದರೆ ತೂಕದಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪಿನೊಳಗೇ ಆಕ್ಸಿಜನ್ ಇರೋದರಿಂದ ಹೊರಗಿನ ಗಾಳಿ ಬೇಕಿಲ್ಲ. 19ನೇ ಶತಮಾನದಲ್ಲಿ ಆಂಡ್ರ್ಯೂ ನೋಬಲ್, ಫ್ರೆಡರಿಕ್ ಏಬಲ್ ಅಂತ ಇಬ್ಬರು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಇದನ್ನು ಉರಿಸಿ ಅಳೆದರು. ಅವರಿಗೆ ಸಿಕ್ಕಿದ್ದು ಏನೆಂದರೆ, ಉರಿದ ಮದ್ದಿನ ತೂಕದಲ್ಲಿ ಗ್ಯಾಸ್ ಆಗೋದು ಬರೀ 43 ಪರ್ಸೆಂಟ್. ಮಿಕ್ಕ 57 ಪರ್ಸೆಂಟ್ ಪೊಟ್ಯಾಸಿಯಂ ಲವಣಗಳ ಕಿಟ್ಟ. ತೋಪಿನಿಂದ ಬರುವ ಆ ದಟ್ಟ ಬಿಳಿ ಹೊಗೆ ಇದೇ. ಹೊಗೆಯಾಗಿ ಹೋಗದೆ ಉಳಿದದ್ದು ಕೊಳವೆಯ ಒಳಗೆ ಅಂಟಿಕೊಳ್ಳುತ್ತೆ. ಅದರ ಜೊತೆ ಮದ್ದಿನ ಚೀಲದ ಬಟ್ಟೆ ಚೂರು ಕೆಂಡವಾಗಿ ಕೂತಿದ್ದರೆ, ಮುಂದಿನ ಚೀಲ ಒಳಗೆ ದೂಡುವಾಗಲೇ ಹೊತ್ತಿಕೊಳ್ಳುತ್ತೆ. ದೂಡುತ್ತಿರುವವನ ಕೈ ಆಗ ಬಾಯಿಯ ಮುಂದೆಯೇ ಇರುತ್ತೆ. ಆ ಒದ್ದೆ ಕೋಲು ಪೂಜೆಯ ಶಾಸ್ತ್ರ ಅಲ್ಲ, ಸೇಫ್ಟಿ ಡಿವೈಸ್.

ಅಣ್ಣ ಬಿಚ್ಚಬೇಕು ಅಂತಿದ್ದ ಪಟಾಕಿಯಲ್ಲಿ ಇರೋದು ಕರಿಮದ್ದೇ ಅಲ್ಲ ಅನ್ನೋದು ಬೇರೆ ವಿಷಯ. ದೊಡ್ಡ ಶಬ್ದದ ಪಟಾಕಿಗಳಲ್ಲಿ ಅಲ್ಯೂಮಿನಿಯಂ ಪುಡಿ ಸೇರಿಸಿದ ಮಿಶ್ರಣ ಇರುತ್ತೆ, ಅದು ಕರಿಮದ್ದಿಗಿಂತ ಎಷ್ಟೋ ಬೇಗ ಉರಿಯುತ್ತೆ. ಕರಿಮದ್ದಿಗೆ ಅಂತ ಮಾಡಿದ ಕೊಳವೆಗೆ ಅದನ್ನು ತುಂಬಿದರೆ ಮುಂದಿನ ಲೆಕ್ಕವೆಲ್ಲ ಹಾಕುವ ಅಗತ್ಯವೇ ಇಲ್ಲ, ಉತ್ತರ ಗೊತ್ತು.

ಅವತ್ತು ರಾತ್ರಿ ಅಣ್ಣ ಫೋನಿನಲ್ಲಿ ಅಮೆರಿಕದ ವಿಡಿಯೋಗಳನ್ನು ತೋರಿಸಿದ. ಅಲ್ಲಿ ಹಳೇ ತೋಪುಗಳನ್ನು ಕೊಂಡು, ಜೋಪಾನ ಮಾಡಿ, ಮೈದಾನಕ್ಕೆ ತಂದು ಹಾರಿಸೋದು ದೊಡ್ಡ ಹವ್ಯಾಸ. ಅಲ್ಲಿನ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕಿಂತ ಮುಂಚೆ ಮಾಡಿದ, ಬಾಯಿಂದ ಮದ್ದು ತುಂಬುವ ತೋಪು ಆಂಟಿಕ್ ಲೆಕ್ಕಕ್ಕೆ ಬರುತ್ತೆ. ಅಂಥ ಹಳೇ ಆಯುಧಗಳಲ್ಲಿ ಹವ್ಯಾಸಕ್ಕೆ ಬಳಸಲು 50 ಪೌಂಡ್‌ವರೆಗೆ, ಅಂದರೆ ಸುಮಾರು 23 ಕೆಜಿ ಕರಿಮದ್ದು ಫೆಡರಲ್ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. "ನೋಡು, ಅವರು ಮಾಡಲ್ವಾ" ಅಂದ.

ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲಿ ನಿಷೇಧಿತ ಆಯುಧ ಅಂದರೇನು ಅಂತ ಹೇಳುವಾಗ ಫಿರಂಗಿಯನ್ನು ಹೆಸರು ಹಿಡಿದೇ ಸೇರಿಸಿದ್ದಾರೆ. ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಇಟ್ಟುಕೊಳ್ಳೋ ಹಾಗಿಲ್ಲ. ಅದೇ ಕಾಯ್ದೆಯ 45ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ: ಹಳೇ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಅದಕ್ಕೆ ಈ ಕಾಯ್ದೆ ಅನ್ವಯಿಸಲ್ಲ. ಅಂದರೆ ಹಾರದ ತೋಪು ಮನೆಯ ಅಲಂಕಾರ, ಹಾರುವ ತೋಪು ಅಪರಾಧ. ಮದ್ದು ತಯಾರಿಸುವುದಕ್ಕೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ. ನನಗೆ ಇದು ಅತಿಯಾದ ಕಟ್ಟುನಿಟ್ಟು ಅಂತ ಮೊದಲು ಅನ್ನಿಸಿತ್ತು. ಲೆಕ್ಕ ಮುಗಿದ ಮೇಲೆ ಅನ್ನಿಸಲಿಲ್ಲ.

ಈಗ ಲೆಕ್ಕ. ವರ್ನಿಯರ್ ಬ್ಯಾಗಿನಲ್ಲೇ ಇತ್ತು (ಲ್ಯಾಬ್‌ದಲ್ಲ, ನನ್ನದೇ). ಬಾಯಿಯ ಹತ್ತಿರ ತುಕ್ಕು ಬಿಟ್ಟು ಅಳೆದರೆ ಒಳವ್ಯಾಸ 40 ಮಿಲಿಮೀಟರ್, ಹೊರವ್ಯಾಸ 80. ಗೋಡೆ ದಪ್ಪ 20 ಮಿಲಿಮೀಟರ್, ಅಂದರೆ ಒಳತ್ರಿಜ್ಯದಷ್ಟೇ. ಇಷ್ಟು ದಪ್ಪಕ್ಕೆ ತೆಳು ಸಿಲಿಂಡರ್ ಸೂತ್ರ ನಡೆಯಲ್ಲ, ಲಾಮೆ ಸೂತ್ರ ಬೇಕು. ಒಳಗಿನ ಮೈಯ ಹೂಪ್ ಸ್ಟ್ರೆಸ್ ಅಂದರೆ, ಹೊರತ್ರಿಜ್ಯದ ವರ್ಗ ಮತ್ತು ಒಳತ್ರಿಜ್ಯದ ವರ್ಗ ಕೂಡಿಸಿದ್ದನ್ನು ಅವುಗಳ ವ್ಯತ್ಯಾಸದಿಂದ ಭಾಗಿಸಿ, ಒಳಗಿನ ಪ್ರೆಷರ್‌ನಿಂದ ಗುಣಿಸಿದರೆ ಬರುವುದು. 1600 ಕೂಡಿಸು 400, ಅಂದರೆ 2000. 1600 ಕಳೆ 400, ಅಂದರೆ 1200. ಭಾಗಿಸಿದರೆ 1.67. ಒಳಗಿನ ಪ್ರೆಷರ್ ಎಷ್ಟೋ ಅದರ 1.67 ಪಟ್ಟು ಎಳೆತ ಒಳಗೋಡೆಯ ಮೇಲೆ ಬೀಳುತ್ತೆ.

ಪ್ರೆಷರ್ ಎಷ್ಟು? ನೋಬಲ್ ಮತ್ತು ಏಬಲ್ ಅಳತೆಯ ಪ್ರಕಾರ ಒಂದು ಗ್ರಾಂ ಮದ್ದಿನಿಂದ ಸೊನ್ನೆ ಡಿಗ್ರಿ ಲೆಕ್ಕದಲ್ಲಿ 280 ಸಿಸಿ ಗ್ಯಾಸ್ ಬರುತ್ತೆ, ಉರಿಯುವಾಗಿನ ಉಷ್ಣತೆ 2200 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೆಲ್ವಿನ್‌ಗೆ ಬದಲಿಸಿ ನೋಡಿದರೆ ಸೊನ್ನೆ ಡಿಗ್ರಿಯ ಒಂಬತ್ತು ಪಟ್ಟು. 280ರ ಒಂಬತ್ತು ಪಟ್ಟು ಅಂದರೆ 2520. ಒಂದು ಸಿಸಿ ಜಾಗದಲ್ಲಿ ಹೆಚ್ಚು ಕಡಿಮೆ ಒಂದು ಗ್ರಾಂ ಮದ್ದು ಹಿಡಿಯುತ್ತೆ. ಹಾಗಾಗಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಗ್ಯಾಸ್ ಎಲ್ಲೂ ಹೋಗಲಾಗದೆ ಅದೇ ಜಾಗದಲ್ಲಿ ಸಿಕ್ಕಿಕೊಂಡರೆ 2500 ಅಟ್ಮಾಸ್ಫಿಯರ್, ಅಂದರೆ 250 ಮೆಗಾಪಾಸ್ಕಲ್ ಸುತ್ತಮುತ್ತ. ಕಿಟ್ಟ ತಿನ್ನುವ ಜಾಗವನ್ನು ನಾನು ಬಿಟ್ಟಿದ್ದೇನೆ, ಅದನ್ನೂ ಸೇರಿಸಿದರೆ ಇನ್ನೂ ಮೇಲೆ ಹೋಗುತ್ತೆ. 250ಕ್ಕೆ 1.67 ಗುಣಿಸಿದರೆ 417 ಮೆಗಾಪಾಸ್ಕಲ್. ನಮ್ಮ ಡಿಸೈನ್ ಡೇಟಾ ಹ್ಯಾಂಡ್‌ಬುಕ್‌ನಲ್ಲಿ ಎಫ್‌ಜಿ 150 ಅಂತ ಬೂದು ಬೀಡುಕಬ್ಬಿಣದ ಗ್ರೇಡ್ ಇದೆಯಲ್ಲ, ಅದರ ಎಳೆತದ ಶಕ್ತಿ 150. ಅದು ಇವತ್ತಿನ ಫೌಂಡ್ರಿಯ ಕಬ್ಬಿಣ. ಅಟ್ಟದ ಮೇಲೆ ನೂರು ವರ್ಷ ತುಕ್ಕು ಹಿಡಿದಿದ್ದಕ್ಕೆ ಎಷ್ಟು ಕೊಡ್ತೀರಿ?

ನಿಜವಾದ ತೋಪಿನಲ್ಲಿ ಇಷ್ಟು ಆಗಲ್ಲ, ಯಾಕಂದರೆ ಬಾಯಿ ತೆರೆದಿರುತ್ತೆ ಅಥವಾ ಗುಂಡು ಮುಂದಕ್ಕೆ ಓಡುತ್ತಾ ಗ್ಯಾಸಿಗೆ ಜಾಗ ಮಾಡಿಕೊಡುತ್ತೆ. ಆದರೆ ಅಣ್ಣನ ಐಡಿಯಾ ಏನಿತ್ತು ಗೊತ್ತಾ? ಶಬ್ದ ಜೋರಾಗಿ ಬರಲಿ ಅಂತ ಮದ್ದಿನ ಮೇಲೆ ಹಸಿ ಮಣ್ಣು ತುಂಬಿ ಕಲ್ಲಿನಿಂದ ಜಡಿಯೋದು. ಜಡಿದಷ್ಟೂ ನಾವು ಆ 2500ರ ಕಡೆಗೆ ನಡೆಯುತ್ತೇವೆ.

ಇನ್ನೊಂದು ವಿಷಯ, ಆ ಬತ್ತಿಯ ತೂತು. ಎಳೆತದಲ್ಲಿರುವ ಅಗಲ ತಗಡಿನಲ್ಲಿ ಒಂದು ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತೆ ಅಂತ ಓದಿದ್ದೀವಿ. ತೋಪಿನಲ್ಲಿ ಪ್ರೆಷರ್ ಅತಿ ಹೆಚ್ಚಿರುವ ಜಾಗದಲ್ಲೇ ತೂತು ಇರಬೇಕು, ಬೇರೆ ದಾರಿಯಿಲ್ಲ. ಹಳೇ ತೋಪುಗಳ ಹಿಂಭಾಗ ಹೊಟ್ಟೆ ಬಿಟ್ಟ ಹಾಗೆ ದಪ್ಪ ಇರೋದು ಅಲಂಕಾರಕ್ಕಲ್ಲ.

"ಹಾಗಾದ್ರೆ ಇನ್ನೂ ದಪ್ಪ ಮಾಡಬಹುದಿತ್ತಲ್ಲ" ಅಂದ ಅಣ್ಣ. ಒಳ್ಳೇ ಪ್ರಶ್ನೆ. ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡಿ ನೋಡೋಣ, ಹೊರತ್ರಿಜ್ಯ 60. 1.67 ಇದ್ದದ್ದು 1.25ಕ್ಕೆ ಇಳಿಯುತ್ತೆ, ಅಂದರೆ ಬರೀ 25 ಪರ್ಸೆಂಟ್ ಲಾಭ. ತೂಕ ಮಾತ್ರ ಹದಿನಾಲ್ಕು ಕೆಜಿ ಇದ್ದ ಕೊಳವೆ ಮೂವತ್ತಾರು ಕೆಜಿ ಆಗುತ್ತೆ. ಎಷ್ಟೇ ದಪ್ಪ ಮಾಡಿದರೂ ಆ ಸಂಖ್ಯೆ ಒಂದಕ್ಕಿಂತ ಕೆಳಗೆ ಬರೋದೇ ಇಲ್ಲ. ದಪ್ಪಕ್ಕೆ ಒಂದು ಮಿತಿ ಇದೆ, ತೂಕಕ್ಕೆ ಇಲ್ಲ. ಆ ತೂಕವನ್ನು ಯಾರಾದರೂ ಎಳೀಬೇಕಲ್ಲ?

ಇಲ್ಲಿ ಕಥೆ ನಮ್ಮೂರಿಗೇ ಬರುತ್ತೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಅಂತಾರೆ. ಅದನ್ನು ಎಳೆಯೋಕೆ 400 ಎತ್ತು, 10 ಆನೆ ಬೇಕಾದವು ಅನ್ನೋ ಮಾತಿದೆ. ಅಂಥದ್ದು ಕೋಟೆಯ ಬುರುಜಿನ ಮೇಲೆ ಕೂರೋದಕ್ಕೆ ಸರಿ. ದಂಡಿನ ಜೊತೆ ಓಡುವ ತೋಪಿಗೆ ಓಡುವ ಎತ್ತೇ ಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ದನಗಳ ಇಲಾಖೆಯನ್ನು ಹೈದರ್ ದಂಡಿಗೆ ಬಳಸಿದ, ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ಮುಟ್ಟಿದ ಅಂತ ಬ್ರಿಟಿಷರೇ ಬರೆದುಕೊಂಡಿದ್ದಾರೆ. ದಿನಕ್ಕೆ 60 ಕಿಲೋಮೀಟರ್ ಮೇಲಾಯಿತು, ತೋಪು ಎಳೆದುಕೊಂಡು! 1799ರ ನಂತರ ಮಂದೆ ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಮಂದೆಯನ್ನು ಮಾರಿಬಿಟ್ಟರು, ಕೆಲವೇ ವರ್ಷದಲ್ಲಿ ತಪ್ಪು ಗೊತ್ತಾಗಿ ಮತ್ತೆ ಕಟ್ಟಿದರು.

ಆ ತಳಿಯ ಸಂವರ್ಧನಾ ಕೇಂದ್ರ ಇವತ್ತೂ ಅಜ್ಜಂಪುರದಲ್ಲಿದೆ. ಕಡೂರು ತಾಲೂಕಿನ ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆದರೆ ದೂರದೂರದ ರೈತರು ಬರುತ್ತಾರೆ. ಆ ದನ ಮೇಯಲಿ ಅಂತ ಬಿಟ್ಟ ಕಾವಲುಗಳಲ್ಲಿ ಒಂದು, ಕಡೂರಿನ ಬಾಸೂರು ಕಾವಲು, ಈಗ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ತರೀಕೆರೆಯಿಂದ ಕಡೂರಿಗೆ ಬಸ್ಸಲ್ಲಿ ನೂರು ಸಲ ಓಡಾಡಿದ್ದೀನಿ. ಕಾವಲು ಅಂದರೆ ಬರೀ ಖಾಲಿ ಜಾಗ ಅಂದುಕೊಂಡಿದ್ದೆ. ಅದು ಒಂದು ಸೈನ್ಯದ ಇಂಧನ ಡಿಪೋ ಆಗಿತ್ತು ಅಂತ ಯಾವ ಟೆಕ್ಸ್ಟ್‌ಬುಕ್ಕೂ ನನಗೆ ಹೇಳಿರಲಿಲ್ಲ. ಸಿಬಿಎಸ್‌ಇ ಓದಿದವನ ಪಾಡು.

ದಪ್ಪ ಮಾಡದೆ ಗಟ್ಟಿ ಮಾಡುವ ಉಪಾಯ ಇಲ್ವಾ ಅಂದರೆ, ಇದೆ, ಅದೂ ನಮ್ಮ ಅಂಗಳದಲ್ಲೇ ಬಿದ್ದಿತ್ತು. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದು ನೋಡಿದ್ದೀರಾ? ಪಟ್ಟಿಯನ್ನು ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಹೊಯ್ಯುತ್ತಾರೆ. ಅದು ತಣಿದು ಕುಗ್ಗಿ ಮರವನ್ನೆಲ್ಲ ಒಳಕ್ಕೆ ಬಿಗಿಯುತ್ತೆ. ಕಲಬುರಗಿ ಕೋಟೆಯ ಉದ್ದದ ತೋಪಿನಂಥ ಹಳೇ ಕಬ್ಬಿಣದ ತೋಪುಗಳು ಹೀಗೇ ಬಳೆ ಬಳೆಯಾಗಿ ಕಟ್ಟಿದವು. ಬಳೆ ಮೊದಲೇ ಒಳಗೋಡೆಯನ್ನು ಅಮುಕಿ ಇಟ್ಟಿರುತ್ತೆ, ಮದ್ದು ಸಿಡಿದಾಗ ಮೊದಲು ಆ ಅಮುಕು ಕಳೆದು ಆಮೇಲೆ ಎಳೆತ ಶುರುವಾಗಬೇಕು. 1850ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಇದನ್ನೇ ಲೆಕ್ಕ ಹಾಕಿ ಮಾಡಿದ. ನಾವು ಪರೀಕ್ಷೆಗೆ ಶ್ರಿಂಕ್ ಫಿಟ್ ಅಂತ ಉರುಹೊಡೆಯುವುದನ್ನು ನಮ್ಮೂರ ಕಮ್ಮಾರರು ಸೂತ್ರ ಇಲ್ಲದೆ ಮಾಡುತ್ತಿದ್ದರು. ಆದರೆ ಬಳೆ, ಬೆಸುಗೆ ಒಳಗೆ ಹೇಗಿದೆ ಅಂತ ಹೊರಗಿಂದ ಕಾಣಲ್ಲ. 1844ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಅನ್ನೋ ಯುದ್ಧನೌಕೆಯಲ್ಲಿ ಗಣ್ಯರನ್ನು ಕರೆದು ತೋರಿಸುವಾಗ ದೊಡ್ಡ ತೋಪು ಒಡೆದು ಆ ದೇಶದ ಇಬ್ಬರು ಮಂತ್ರಿಗಳೂ ಸೇರಿ ಆರು ಜನ ಸತ್ತರು. ಅದು ಹೊಸ ತೋಪು. ಅದೇ ದಿನ ಅದಕ್ಕೂ ಮುಂಚೆ ಸರಿಯಾಗಿಯೇ ಹಾರಿತ್ತು.

ಮಾರನೇ ದಿನ ಬೆಳಿಗ್ಗೆ ಇನ್ನೊಂದು ಅಳತೆ ನೆನಪಾಯಿತು. ಬಾಯಿಯಿಂದ ಬತ್ತಿ ತೂತಿನವರೆಗೆ ಹೊರಗಡೆ ಅಳೆದರೆ 47 ಸೆಂಟಿಮೀಟರ್. ತೂತು ಕೊಳವೆಯ ತಳದ ಹತ್ತಿರವೇ ಇರೋದು, ಹಾಗಾಗಿ ಒಳಗೆ ಹಾಕಿದ ಕೋಲು ಕನಿಷ್ಠ ಅಷ್ಟಾದರೂ ಹೋಗಬೇಕು. ಪಕ್ಕದಲ್ಲಿ ನಿಂತು ಬಿದಿರು ಕಡ್ಡಿ ಮೆಲ್ಲಗೆ ಇಳಿಸಿದೆ. 41ಕ್ಕೆ ನಿಂತಿತು.

ಆರು ಸೆಂಟಿಮೀಟರ್. 40 ಮಿಲಿಮೀಟರ್ ವ್ಯಾಸಕ್ಕೆ ಲೆಕ್ಕ ಹಾಕಿದರೆ 75 ಸಿಸಿ. ಮಣ್ಣಿರಬಹುದು, ಕಣಜದ ಗೂಡಿರಬಹುದು. ಅಥವಾ ಯಾವುದೋ ಹಬ್ಬಕ್ಕೆ ತುಂಬಿ, ಮಳೆ ಬಂದು ಹಾರಿಸದೆ ಅಟ್ಟಕ್ಕೆ ಹಾಕಿದ 75 ಗ್ರಾಂ ಮದ್ದಿರಬಹುದು.

ಇದು ಭಯ ಹುಟ್ಟಿಸೋಕೆ ಹೇಳೋ ಮಾತಲ್ಲ. 2013ರ ಜನವರಿಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಎರಡು ಶತಮಾನ ದಾಟಿದ ತೋಪಿನ ತುಕ್ಕು ತೆಗೆಯುವಾಗ ಒಳಗೆ ಗುಂಡು ಮತ್ತು ಸುಮಾರು 800 ಗ್ರಾಂ ಮದ್ದು ಸಿಕ್ಕಿತು. ಆ ತೋಪು ಎಷ್ಟೋ ವರ್ಷ ಜನರ ಮುಂದೆ ಪ್ರದರ್ಶನಕ್ಕೆ ಇತ್ತು. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ತೆಗೆದರು, ಆ ಬಾವಿಯ ಮಣ್ಣಲ್ಲೇ ಮದ್ದಿನ ವಾಸನೆ ಇತ್ತಂತೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಮೂರೂ ತಾವಾಗಿ ಕೊಳೆಯುವ ವಸ್ತುಗಳಲ್ಲ. ಒಣಗಿದ್ದರೆ ಕರಿಮದ್ದಿಗೆ ವಯಸ್ಸಾಗಲ್ಲ.

ಹಿಂದಿನ ದಿನವಷ್ಟೇ ಅಣ್ಣ ಅದನ್ನು ಗ್ರೈಂಡರ್ ಹಿಡಿದು ಉಜ್ಜಬೇಕು ಅಂತಿದ್ದ. ಕಿಡಿ ಹಾರಿಸುವ ಆಂಗಲ್ ಗ್ರೈಂಡರ್, ಬತ್ತಿ ತೂತಿನ ಪಕ್ಕ. ನಾನೂ ವೈರ್ ಹುಡುಕಿಕೊಟ್ಟಿದ್ದೆ. ಕರೆಂಟ್ ಇರಲಿಲ್ಲ, ಹಾಗಾಗಿ ಉಳಿದ್ವಿ. ಅದನ್ನು ನೆನೆಸಿಕೊಂಡು ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅಜ್ಜನಿಗೆ ಹೇಳಿದೆವು. ಅವರು ಬೈಯಲಿಲ್ಲ, ಅಂಗಿ ಹಾಕಿಕೊಂಡು ಠಾಣೆಗೆ ಹೋಗಿ ಬಂದರು. ಸಂಜೆ ಪೊಲೀಸರು ಬಂದು, ನಾವು ಕಡ್ಡಿ ಹಾಕಿದ್ದಕ್ಕೇ ಮೊದಲು ಬೈದರು. ಅನುಮಾನ ಬಂದ ಮೇಲೆ ಮುಟ್ಟದೆ ದೂರ ಸರಿದು ಫೋನ್ ಮಾಡಬೇಕಿತ್ತಂತೆ, ಒಪ್ಪಿಕೊಳ್ಳಬೇಕಾದ ಮಾತು. ಆಮೇಲೆ ಬೇರೆಯವರನ್ನು ಕರೆಸಿ, ಬಾಯಿಯನ್ನು ಯಾರ ಕಡೆಗೂ ತಿರುಗಿಸದ ಹಾಗೆ ಮರಳಿನ ಮೇಲೆ ಇಟ್ಟುಕೊಂಡು ಹೋದರು. ಎರಡು ವಾರದ ಮೇಲೆ ಅಣ್ಣ ವಿಚಾರಿಸಿದರೆ "ಮಣ್ಣೇ ಜಾಸ್ತಿ ಇದೆ ಅನ್ಸುತ್ತೆ, ಆದ್ರೂ ನೀರಲ್ಲಿ ನೆನೆಸಿಟ್ಟಿದೀವಿ" ಅಂದರಂತೆ.

ಆಯುಧಪೂಜೆಗೆ ನೇಗಿಲು, ಮಚ್ಚು, ಸ್ಪ್ಯಾನರ್ ಜೊತೆ ಅಜ್ಜಿ ನನ್ನ ವರ್ನಿಯರ್‌ಗೂ ಕುಂಕುಮ ಇಟ್ಟರು. ಜಾ ಸ್ವಲ್ಪ ಬಿಗಿಯಾಗಿದೆ ಈಗ, ಅರಿಶಿನ ಸೇರಿಕೊಂಡಿದೆ. ವಿಜಯದಶಮಿ ಸಂಜೆ ಎಲ್ಲರೂ ಟೀವಿ ಮುಂದೆ ಕೂತಿದ್ವಿ. ರಾಷ್ಟ್ರಗೀತೆಗೆ ಎದ್ದು ನಿಂತಾಗ ಅಣ್ಣ ಫೋನಿನ ಸ್ಟಾಪ್‌ವಾಚ್ ಒತ್ತಿಕೊಂಡು, ಹೊಗೆಯ ನಡುವೆ ಒಬ್ಬರು ಒದ್ದೆ ಕೋಲು ಹಿಡಿದು ತೋಪಿನ ಕಡೆ ಓಡುವುದನ್ನೇ ನೋಡುತ್ತಿದ್ದ.